ಮೂರನೇ ಪಂಪಿನ ಅರ್ಜಿ

ಮೂಡುಬಿದಿರೆ
2 ಫೆಬ್ರವರಿ 2025, ಆದಿತ್ಯವಾರ

ಪ್ರೀತಿಯ ಶಂಭು ಮಾವನಿಗೆ ಸುರಕ್ಷಾಳ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀವು ಅಲ್ಲಿ ಹೇಗಿದ್ದೀರಿ ಎಂದು ಕೇಳುವ ಅಗತ್ಯವಿಲ್ಲ. ಶುಕ್ರವಾರ ಅಮ್ಮನ ಫೋನಿಗೆ ನೀವು ಕಳಿಸಿದ ಏಳು ನಿಮಿಷದ ವಾಯ್ಸ್ ಮೆಸೇಜನ್ನು ನಾನು ಮೂರು ಸಲ ಕೇಳಿದೆ. ಅಮ್ಮ ಒಂದೇ ಸಲ ಕೇಳಿ, ದೇವರ ಕೋಣೆಗೆ ಹೋಗಿ ದೀಪ ಹಚ್ಚಿ ಕೂತರು. ನಿಮ್ಮ ತಂಗಿಗೆ ಅಣ್ಣನ ಸಿಟ್ಟೆಂದರೆ ಇವತ್ತಿಗೂ ಹೆದರಿಕೆ. ನನಗೆ ಅಷ್ಟಿಲ್ಲ, ಅದು ನಿಮಗೂ ಗೊತ್ತು.

ಆ ಮೆಸೇಜಿನಲ್ಲಿ ನನಗೆ ವಹಿಸಿದ ಕೆಲಸ ಎರಡು. ನನ್ನದೇ ಆಫೀಸಿನಲ್ಲಿ ಕೂತು ನಿಮ್ಮ ಕಿವಿ ಸರಿಯಿಲ್ಲವೆಂದು ವರದಿ ಬರೆದವನ ಹೆಸರು ಪತ್ತೆ ಮಾಡಬೇಕು. ಅವನ ಮೇಲೆ ಕಂಪೆನಿಯ ದೊಡ್ಡವರಿಗೆ ಒಂದು ಖಡಕ್ ಇಂಗ್ಲಿಷ್ ಅರ್ಜಿ ಬರೆದುಕೊಡಬೇಕು. ಇದೇ ಹತ್ತನೇ ತಾರೀಕಿಗೆ ನಿಮ್ಮ ಮುಂದೆ ಒಂದು ಫಾರಂ ಇಡುತ್ತಾರಂತೆ. ವರದಿಯನ್ನು ಒಪ್ಪುತ್ತೇನೆ ಎಂದು ಸಹಿ ಹಾಕಿದರೆ ಸಮುದ್ರದ ಮೇಲಿನ ಕೆಲಸ ಅಲ್ಲಿಗೆ ಮುಗಿಯಿತು. ಒಪ್ಪುವುದಿಲ್ಲ ಎಂದರೆ ವಿಚಾರಣೆ. ಆಗ ನೀವು, ಇಲ್ಲವೇ ವರದಿ ಬರೆದವನು, ಇಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕು. "ಇಪ್ಪತ್ತಾರು ವರ್ಷ ಪಂಪಿನೊಟ್ಟಿಗೆ ಸಂಸಾರ ಮಾಡಿದವ ನಾನು. ಆ ಎಸಿ ರೂಮಿನವನನ್ನು ಮನೆಗೆ ಕಳಿಸದೆ ನಾನು ಬಿಡುವುದಿಲ್ಲ" ಎಂದು ನೀವು ಹೇಳುವಾಗ ಹಿಂದಿನಿಂದ ಯಾರೋ ಭೇಷ್ ಅಂದದ್ದು ಕೂಡ ಕೇಳಿಸಿತು. ಕ್ಯಾಂಪಿನ ರೂಮಿನವರನ್ನೆಲ್ಲ ಕೂರಿಸಿಕೊಂಡೇ ರೆಕಾರ್ಡ್ ಮಾಡಿದ್ದೀರಿ.

ಎಂಟನೇ ಕ್ಲಾಸಿನಿಂದ ನಿಮ್ಮ ಇಂಗ್ಲಿಷ್ ನಾನೇ. ನೀವು ಫೋನಿನಲ್ಲಿ ತುಳುವಿನಲ್ಲಿ ಹೇಳುವುದು, ನಾನು ಅಳದಂಗಡಿ ಮನೆಯ ಚಾವಡಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆಯುವುದು. ರಜೆ ಬೇಕೆಂದು ಬರೆದಿದ್ದೇನೆ, ಮೆಸ್ಸಿನ ಅನ್ನ ಬೆಂದಿರುವುದಿಲ್ಲವೆಂದು ಬರೆದಿದ್ದೇನೆ, ಬೂಟು ಒಂದು ಸೈಜು ಸಣ್ಣದಾಯಿತೆಂದು ಬರೆದಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ಅರ್ಜಿಯೂ ತಿರುಗಿ ಬಂದದ್ದಿಲ್ಲ. ಈ ಸಲವೂ ನಿಮ್ಮ ಮಾತು ಮೀರಿಲ್ಲ. ಟೈಪು ಮಾಡಿದ ಎರಡು ಪುಟದ ಅರ್ಜಿ ಇದೇ ಲಕೋಟೆಯಲ್ಲಿದೆ. ಆದರೆ ದಯವಿಟ್ಟು ಅದನ್ನು ಬಿಡಿಸುವ ಮೊದಲು ಇದನ್ನು ಓದಿ.

ಕಾಗದ ಯಾಕೆ ಎಂದು ನೀವು ಕೇಳಬಹುದು. ಫೋನು ಮಾಡಿದರೆ ನನ್ನ ಮಾತು ಮುಗಿಯುವ ಮೊದಲೇ ನೀವು ಬೈಯಲು ಶುರು ಮಾಡುತ್ತೀರಿ. ಮೆಸೇಜು ಹಾಕಿದರೆ ರೂಮಿನ ನಾಲ್ವರೂ ಓದುತ್ತಾರೆ. ಕಂಪೆನಿಯ ಮೇಲ್ ಅಂತೂ ಎಲ್ಲೆಲ್ಲಿಗೋ ಹೋಗುತ್ತದೆ. ದಿನವಿಡೀ ಒಂದೊಂದನ್ನೂ ದಾಖಲೆಗೆ ಸೇರಿಸುವ ಕೆಲಸ ಮಾಡುವವಳಿಗೆ ದಾಖಲೆಗೆ ಸಿಗದ ಜಾಗ ಎಂದರೆ ಈ ಕಾಗದ ಮಾತ್ರ. ಸಮುದ್ರದಲ್ಲಿ ಎಣ್ಣೆ ತೆಗೆಯುವ ನಿಮ್ಮ ಪ್ಲಾಟ್‌ಫಾರ್ಮಿನ ಮೆಕ್ಯಾನಿಕ್ ಅಬ್ದುಲ್ ನಾಸಿರ್ ರಜೆ ಮುಗಿಸಿ ಮಂಗಳವಾರ ನಿಮ್ಮ ಕ್ಯಾಂಪಿನ ಮೂಲಕವೇ ಹೊರಡುತ್ತಾನೆ. ನಾಳೆ ಬಂಟ್ವಾಳಕ್ಕೆ ಹೋಗಿ ಅವನ ಕೈಯಲ್ಲಿ ಕೊಡುತ್ತೇನೆ, ಹಲಸಿನ ಹಪ್ಪಳದ ಕಟ್ಟಿನ ಜೊತೆಗೆ. ನಮ್ಮ ಮನೆಯಲ್ಲಿ ಜಗಳ ತುಳುವಿನಲ್ಲಿ, ಕಾಗದ ಕನ್ನಡದಲ್ಲಿ, ಅರ್ಜಿ ಇಂಗ್ಲಿಷಿನಲ್ಲಿ. ಇವತ್ತು ಮೂರೂ ಒಂದೇ ಲಕೋಟೆಯಲ್ಲಿ ಬರುತ್ತಿವೆ.

ಮೊದಲನೇ ಕೆಲಸ ಮುಗಿಸುತ್ತೇನೆ. ನೀವು ಹುಡುಕುವ ಹೆಸರು ಸಿಕ್ಕಿದೆ. ಅವನು ಅವನಲ್ಲ, ಅವಳು. ಆ ವರದಿ ಬರೆದವಳು ನಾನು, ಮಾವ.

ಈಗ ನೀವು ಕಾಗದ ಮಡಚಿಟ್ಟು ಹೊರಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತೀರಿ ಎಂದು ನನಗೆ ಗೊತ್ತು. ಹೋಗಿ ಬನ್ನಿ. ನಾನು ಇಲ್ಲೇ ಇರುತ್ತೇನೆ.

ನಮ್ಮ ಆಫೀಸಿನ ಬಗ್ಗೆ ನೀವು ಯಾವತ್ತೂ ಪೂರ್ತಿ ಕೇಳಿದವರಲ್ಲ. ಮಕ್ಕಳ ಟಿವಿ ಎಂದು ನಗೆಯಾಡಿ ಬಿಡುತ್ತೀರಿ. ಶಿರ್ತಾಡಿ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಾವು ಹದಿನಾಲ್ಕು ಮಂದಿ ಕೂತಿದ್ದೇವೆ. ಗಲ್ಫಿನಲ್ಲಿ ಇಪ್ಪತ್ತು ವರ್ಷ ಮೀಟರು, ಗೇಜುಗಳ ನಡುವೆ ಕೆಲಸ ಮಾಡಿ ಬಂದ ಪಾರ್ಶ್ವನಾಥ ಸರ್ ಶುರು ಮಾಡಿದ ಆಫೀಸು. ಒಂದೊಂದು ಮೇಜಿಗೆ ಒಂದೊಂದು ಪ್ಲಾಟ್‌ಫಾರ್ಮು. ನೀವು ಅಲ್ಲಿ ಸಮುದ್ರದ ನಡುವೆ ಪಂಪಿನ ಪಕ್ಕ ನಿಂತಿರುವಾಗ, ಆ ಪಂಪಿಗೆ ಅಂಟಿಸಿದ ಹೆಬ್ಬೆರಳ ಗಾತ್ರದ ಸೆನ್ಸರುಗಳು ಅದು ಎಷ್ಟು ನಡುಗುತ್ತಿದೆ, ಎಷ್ಟು ಬಿಸಿಯಾಗಿದೆ ಎಂದು ಹೇಳುತ್ತಲೇ ಇರುತ್ತವೆ. ಅದು ನಮ್ಮ ಪರದೆಯ ಮೇಲೆ ಗೆರೆಯಾಗಿ ಓಡುತ್ತದೆ. ಗೆರೆ ಹಸಿರಿನಲ್ಲಿದ್ದರೆ ನಮಗೆ ಚಾ ಕುಡಿಯಲು ಪುರುಸೊತ್ತು. ಹಳದಿ ದಾಟಿದರೆ ಪ್ಲಾಟ್‌ಫಾರ್ಮಿಗೆ ಒಂದು ಪ್ರಶ್ನೆ ಕಳಿಸಬೇಕು, ಹೋಗಿ ನೋಡಿ ಬನ್ನಿ ಎಂದು. ಪಂಪು ನಿಲ್ಲಿಸುವ ಅಧಿಕಾರ ನಮಗಿಲ್ಲ. ಅದು ನಿಮ್ಮಂಥವರ ಕೈಯಲ್ಲೇ ಇದೆ.

ಕಳೆದ ಮಾರ್ಚಿನಲ್ಲಿ ಮೇಜುಗಳನ್ನು ಬದಲಿಸಿದರು. ನಿಮ್ಮ ಪ್ಲಾಟ್‌ಫಾರ್ಮು ನನ್ನ ಪಾಲಿಗೆ ಬಂತು. ಸಂಬಂಧಿಕರು ಇರುವ ಪ್ಲಾಟ್‌ಫಾರ್ಮನ್ನು ನೋಡಿಕೊಳ್ಳಬಾರದೆಂದು ನಿಯಮ ಉಂಟು. ಅವತ್ತೇ ಸರ್‌ಗೆ ಹೇಳಬೇಕಿತ್ತು. ನಾನು ಬಾಯಿ ಬಿಡಲಿಲ್ಲ. ಯಾಕೆ ಎಂದು ಹೇಳುತ್ತೇನೆ, ನಗಬೇಡಿ. ನೀವು ಸುತ್ತು ಹೊಡೆಯುವಾಗ ಕೈಯಲ್ಲಿರುವ ಟ್ಯಾಬ್ಲೆಟ್ಟನ್ನು ಒಂದೊಂದು ಪಂಪಿನ ಚೀಟಿಗೆ ತಾಗಿಸುತ್ತೀರಲ್ಲ, ಆಗ ನನ್ನ ಪರದೆಯಲ್ಲಿ ಒಂದು ಚುಕ್ಕಿ ಬೆಳಗುತ್ತದೆ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ನಾನು ಹುಟ್ಟಿದಾಗಿನಿಂದ ನೀವು ವರ್ಷಕ್ಕೆ ಎರಡು ತಿಂಗಳು ಮಾತ್ರ ಮನೆಯಲ್ಲಿದ್ದವರು. ಉಳಿದ ಹತ್ತು ತಿಂಗಳು ನೀವು ಎಲ್ಲಿ ನಡೆಯುತ್ತೀರಿ, ಎಷ್ಟು ಹೊತ್ತಿಗೆ ಊಟಕ್ಕೆ ಹೋಗುತ್ತೀರಿ ಎಂದು ಮೊದಲ ಬಾರಿ ನನಗೆ ಕಂಡಿತು. ಮೆಟ್ಟಿಲು ಹತ್ತುವಾಗ ಮೊಣಕಾಲು ನೋಯುತ್ತದೆಂಬುದೂ ಗೊತ್ತಾಯಿತು, ಏಳನೇ ಪಂಪಿನಿಂದ ಮೇಲಿನ ಎಂಟನೆಯದಕ್ಕೆ ಹೋಗಲು ನಿಮಗೆ ಉಳಿದವರ ಎರಡರಷ್ಟು ಹೊತ್ತು ಬೇಕು. ಸಂಜೆ ಮನೆಗೆ ಬಂದು, ಮಾವ ಇವತ್ತು ತಡವಾಗಿ ಊಟ ಮಾಡಿದರು ಎಂದರೆ, ಅಮ್ಮ ನಿನಗೆ ಭೂತ ಬಂದು ಹೇಳಿತಾ ಎಂದು ಕೇಳುತ್ತಿದ್ದರು. ಆ ಚುಕ್ಕಿಯನ್ನು ಇನ್ನೊಬ್ಬರ ಮೇಜಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಇನ್ನು ಕಿವಿಯ ವಿಷಯ.

ಅಕ್ಟೋಬರಿನಲ್ಲಿ ನೀವು ರಜೆಯಲ್ಲಿದ್ದಾಗ ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಚಾರ್ಮಾಡಿಗೆ ಹೋದದ್ದು ನೆನಪಿದೆಯಲ್ಲ, ನಿಮ್ಮ ಹಳೇ ಸ್ನೇಹಿತ ರುಕ್ಮಯ್ಯನವರ ಮಗಳ ಮದುವೆಗೆ. ಘಾಟಿ ಶುರುವಾಗುವ ಮೊದಲ ತಿರುವಿನಲ್ಲಿ ಹಿಂದಿನಿಂದ ಬಸ್ಸು ಬಂತು. ಅದರ ಹಾರ್ನು ಎಂಥದ್ದೆಂದರೆ ನನ್ನ ಹಲ್ಲು ಜುಮ್ಮೆಂದಿತು. ನೀವು ರಸ್ತೆಯ ಮಧ್ಯದಲ್ಲೇ ಆರಾಮವಾಗಿ ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಸುದ್ದಿ ಹೇಳುತ್ತಿದ್ದಿರಿ. ಎರಡನೇ ಹಾರ್ನಿಗೆ ನಾನು ನಿಮ್ಮ ಭುಜ ಹಿಡಿದು ಎಡಕ್ಕೆ ಎಳೆದೆ. ಬಸ್ಸು ದಾಟಿದ ಮೇಲೆ ನೀವು ಡ್ರೈವರನಿಗೆ ಬೈದಿರಿ, ಹಾರ್ನ್ ಹಾಕದೆ ಬರುತ್ತಾನೆ ಎಂದು. ಅವತ್ತಿನಿಂದ ಮನೆಯಲ್ಲಿ ನೋಡುತ್ತ ಬಂದೆ. ಕುಕ್ಕರು ಸೀಟಿ ಹಾಕಿದರೆ ಪಕ್ಕದಲ್ಲೇ ಕೂತ ನಿಮಗೆ ಗೊತ್ತಾಗುವುದಿಲ್ಲ. ಅಂಗಳದಲ್ಲಿ ಅಮ್ಮ ಮೆಲ್ಲಗೆ ಕರೆದರೂ ತಿರುಗುತ್ತೀರಿ. ಇಲ್ಲಿಯ ಕಿವಿಯ ಡಾಕ್ಟರರನ್ನು ನಿಮ್ಮ ಹೆಸರು ಹೇಳದೆ ಕೇಳಿದೆ. ದೊಡ್ಡ ಯಂತ್ರಗಳ ನಡುವೆ ವರ್ಷಗಟ್ಟಲೆ ಇದ್ದವರಿಗೆ ಮೊದಲು ಹೋಗುವುದು ಸೀಟಿಯಂಥ ಸಪೂರ ಶಬ್ದಗಳಂತೆ. ಮಾತು ಕೇಳಿಸುತ್ತದೆ, ಆದ್ದರಿಂದ ಕಿವಿ ಹೋದದ್ದು ಅವರಿಗೇ ಗೊತ್ತಾಗುವುದಿಲ್ಲವಂತೆ.

ನಿಮಗೆ ಪೂರ್ತಿ ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬೇಡಿ. ಕಂಪೆನಿಯ ವರ್ಷಾವಧಿ ಪರೀಕ್ಷೆಯಲ್ಲಿ ಗಾಜಿನ ಆಚೆ ನರ್ಸಿನ ಕೈ ಅಲ್ಲಾಡಿದ್ದನ್ನು ನೋಡಿ ಬಟನ್ ಒತ್ತುತ್ತೇನೆ ಎಂದು ನೀವೇ ಒಮ್ಮೆ ಊಟಕ್ಕೆ ಕೂತಾಗ ಹೇಳಿ ನಮ್ಮನ್ನೆಲ್ಲ ನಗಿಸಿದ್ದಿರಿ. ಅವತ್ತು ನಾನೂ ನಕ್ಕೆ. ಈಗ ಆ ನಗು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಜನವರಿಯ ಮೊದಲಿಗೆ ಮೂರನೇ ಪಂಪಿನ ಗೆರೆ ಹಳದಿ ದಾಟಿತು. ಎಣ್ಣೆಯನ್ನು ದಡಕ್ಕೆ ದೂಡುವ ಪಂಪು. ಅದರ ಬೇರಿಂಗು ಒಡೆದರೆ ಎಣ್ಣೆ ತಡೆಯುವ ಸೀಲು ಹೋಗುತ್ತದೆ, ಸೀಲು ಹೋದರೆ ಬಿಸಿ ಎಣ್ಣೆ ಹೊರಗೆ, ಬೆಂಕಿಗೆ ಒಂದು ಕಿಡಿ ಸಾಕು. ಆಮೇಲೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಪ್ರಶ್ನೆ ಕಳಿಸಿದೆ. ನಿಮ್ಮ ಉತ್ತರ ಬಂತು: ಕಿವಿ ಇಟ್ಟು ನೋಡಿದೆ, ಶಬ್ದವಿಲ್ಲ, ಸರಿ ಇದೆ. ನಿಮ್ಮ ಆ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನೀವು ನಿಂತದ್ದು ನನ್ನ ಕಣ್ಣಿಗೆ ಕಟ್ಟಿತು. ಇಡೀ ಪ್ಲಾಟ್‌ಫಾರ್ಮು ಆ ಕಿವಿಯನ್ನು ನಂಬುತ್ತದೆ. ಶಂಭು ಶೆಟ್ಟಿ ಸರಿ ಎಂದರೆ ಎಂಜಿನಿಯರುಗಳೂ ಮೇಲೆ ಮಾತಾಡುವುದಿಲ್ಲ.

ಸೆನ್ಸರು ಸುಳ್ಳು ಹೇಳುವುದೂ ಉಂಟು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಗಾದೆ ಇದೆಯಲ್ಲ. ಮತ್ತೆ ಪ್ರಶ್ನೆ ಕಳಿಸಿದೆ, ಮತ್ತೆ ಅದೇ ಉತ್ತರ ಬಂತು. ಇನ್ನೊಂದು ಸಲ ಕಳಿಸಿದಾಗ ನೀವು ಸಿಟ್ಟಿನಲ್ಲಿ ಇಪ್ಪತ್ತಾರು ವರ್ಷದ ಅನುಭವ ಎಂದು ದೊಡ್ಡ ಅಕ್ಷರದಲ್ಲಿ ಸೇರಿಸಿದಿರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕೆಲವು ದಿನ ನೋಡಿದೆ. ಯಂತ್ರ ಒಂದು ಹೇಳಿ ಮನುಷ್ಯ ಇನ್ನೊಂದು ಹೇಳಿದರೆ ಎರಡನ್ನೂ ದಡದಲ್ಲಿರುವ ಮುಖ್ಯಸ್ಥರ ಮುಂದೆ ಇಡಬೇಕೆಂಬುದು ನಮ್ಮ ನಿಯಮ. ಇಟ್ಟೆ. ಅಷ್ಟನ್ನೇ ಬರೆದಿದ್ದರೆ ಅವರು ನಿಮ್ಮ ಮಾತನ್ನೇ ನಂಬಿ ಪಂಪು ಓಡಿಸುತ್ತಿದ್ದರು. ಆದ್ದರಿಂದ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಈ ಆಪರೇಟರರ ಕಿವಿಯ ಪರೀಕ್ಷೆ ಆಗುವವರೆಗೆ ಅವರು ಕೇಳಿ ಹೇಳಿದ್ದನ್ನು ಆಧಾರವಾಗಿ ತೆಗೆದುಕೊಳ್ಳಬಾರದು. ಆ ಸಾಲು ಬರೆಯಲು ನನಗೆ ಒಂದು ಗಂಟೆ ಬೇಕಾಯಿತು. ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನೀವು ಸುಳ್ಳು ಬರೆದಿರಿ ಎಂದು ನಾನು ಎಲ್ಲಿಯೂ ಹೇಳಿಲ್ಲ, ಅದನ್ನು ದಯವಿಟ್ಟು ಗಮನಿಸಿ. ಕಿವಿ ಇಟ್ಟಿರಿ, ಏನೂ ಕೇಳಿಸಲಿಲ್ಲ, ಶಬ್ದವಿಲ್ಲ ಎಂದು ಬರೆದಿರಿ. ನಿಮ್ಮ ಮಟ್ಟಿಗೆ ಅದು ಸತ್ಯವೇ.

ಮರುದಿನ ಪಂಪು ನಿಲ್ಲಿಸಿದರು, ಎರಡು ದಿನ ಕಳೆದು ನಿಮ್ಮನ್ನು ದಡದ ಕ್ಯಾಂಪಿಗೆ ಕಳಿಸಿದರು. ಇಪ್ಪತ್ತನೇ ತಾರೀಕಿಗೆ ಪಂಪು ಬಿಚ್ಚಿದ ಫೋಟೋ ನನ್ನ ಮೇಜಿಗೂ ಬಂತು. ಬೇರಿಂಗಿನ ಗುಂಡುಗಳನ್ನು ಹಿಡಿದಿಡುವ ಹಿತ್ತಾಳೆಯ ಗೂಡು ಒಂದು ಕಡೆ ಸೀಳಿತ್ತು. ನೀವು ಅಮ್ಮನ ಹತ್ತಿರ, ಅದು ಬಿಚ್ಚುವಾಗ ಸುತ್ತಿಗೆ ಹೊಡೆದು ಸೀಳಿಸಿದ್ದು ಎಂದಿರಂತೆ. ಮಾವ, ಸುತ್ತಿಗೆಯ ಪೆಟ್ಟಿಗೆ ಸೀಳಿದ ಹಿತ್ತಾಳೆ ಒಳಗಿನಿಂದ ಹೊಳೆಯುತ್ತದೆ, ಓಡುತ್ತಾ ಸೀಳಿದ್ದು ಕಪ್ಪಗಿರುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಯಾರೆಂದು ಬರೆಯಬೇಕೇ? ಫೋಟೋದಲ್ಲಿದ್ದದ್ದು ಕಪ್ಪು.

ಅಳಿಯಕಟ್ಟಿನ ಮನೆಯಲ್ಲಿ ಯಜಮಾನನಾದ ಸೋದರಮಾವನ ಮಾತಿಗೆ ಸೋದರಸೊಸೆ ಎದುರಾಡುವುದುಂಟೇ ಎಂದು ನೀವು ಕೇಳುತ್ತೀರಿ. ಮನೆಯಲ್ಲಿ ಇಲ್ಲ. ದೈವದ ಕಾರ್ಯಕ್ಕೆ ಯಾವ ದಿನ, ಯಾರಿಗೆ ಎಷ್ಟು ಎಲೆ ಹಾಕಬೇಕು, ನನಗೆ ಯಾವ ಹುಡುಗನನ್ನು ನೋಡಬೇಕು, ಇದರಲ್ಲೆಲ್ಲ ನಿಮ್ಮ ಮಾತೇ ನಡೆಯಲಿ. ಹುಡುಗನ ವಿಷಯದಲ್ಲಿ ಮಾತ್ರ ನನ್ನನ್ನೂ ಒಂದು ಮಾತು ಕೇಳಿ. ಆದರೆ ಮೇಜಿನ ಮುಂದೆ ಕೂತಾಗ ನಾನು ಸೊಸೆಯಲ್ಲ. ಆ ಪ್ಲಾಟ್‌ಫಾರ್ಮಿನಲ್ಲಿ ನಲವತ್ತು ಮಂದಿ ಇದ್ದಾರೆ, ಅವರ ಮನೆಗಳಲ್ಲಿಯೂ ನನ್ನ ಅಮ್ಮನಂಥವರು ಕೂತಿದ್ದಾರೆ. ನನ್ನನ್ನು ಓದಿಸಿ ಇಂಥ ಕೆಲಸಕ್ಕೆ ಕಳಿಸಿದವರು ನೀವು. ಕೆಲಸ ಸರಿಯಾಗಿ ಮಾಡಿದ್ದಕ್ಕೆ ಬೈದರೆ ಬೈಯಿರಿ.

ಮುಂದಿನದನ್ನು ಸ್ವಲ್ಪ ನಿಧಾನವಾಗಿ ಓದಿ. ದಡದ ಕಂಟ್ರೋಲ್ ರೂಮಿನಲ್ಲಿ ಒಂದು ಜಾಗ ಕೊಡುತ್ತೇವೆಂದು ಕಂಪೆನಿಯವರು ಹೇಳಿದಾಗ ನೀವು, ಟಿವಿ ನೋಡಲು ನನ್ನ ಅಗತ್ಯವಿಲ್ಲ ಎಂದು ಎದ್ದು ಬಂದಿರಂತೆ. ಅಲ್ಲಿ ನಿಮ್ಮ ಅಗತ್ಯ ಎಷ್ಟಿದೆ ಎಂದು ನಾನು ಹೇಳುತ್ತೇನೆ. ಈ ಯಂತ್ರ ದಿನಕ್ಕೆ ಇನ್ನೂರು ಸಲ ಬೊಬ್ಬೆ ಹೊಡೆಯುತ್ತದೆ. ಅದರಲ್ಲಿ ನೂರ ತೊಂಬತ್ತು ಸುಮ್ಮನೆ. ಯಾವುದು ಸುಮ್ಮನೆ, ಯಾವುದು ನಿಜ ಎಂದು ಹೇಳಲು ಪಂಪಿನೊಟ್ಟಿಗೆ ಸಂಸಾರ ಮಾಡಿದವರೇ ಬೇಕು. ನಿಮ್ಮ ಆ ನೀಲಿ ರಟ್ಟಿನ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದೀರಲ್ಲ, ತಡಪೆಯಲ್ಲಿ ಅಕ್ಕಿ ಕೇರಿದ ಹಾಗೆ ಶಬ್ದ ಬಂದರೆ ಪಂಪಿಗೆ ಎಣ್ಣೆ ಸಾಲುವುದಿಲ್ಲ, ಹಸಿ ಸೌದೆ ಚಟಪಟ ಅಂದ ಹಾಗೆ ಬಂದರೆ ಬೇರಿಂಗಿಗೆ ನೀರು ಹೋಗಿದೆ ಎಂದೆಲ್ಲ. ಅದನ್ನು ಓದಿಯೇ ನಾನು ಗೆರೆ ಓದಲು ಕಲಿತದ್ದು. ಅಕ್ಕಿ ಕೇರುವ ಶಬ್ದದ ಗೆರೆ ಹೇಗಿರುತ್ತದೆಂದು ಕಂಡುಹಿಡಿದು ತೋರಿಸಿದಾಗ ಪಾರ್ಶ್ವನಾಥ ಸರ್ ಉಳಿದವರನ್ನೆಲ್ಲ ಕರೆದು ತೋರಿಸಿದರು. ಈಗ ನಮ್ಮ ಆಫೀಸಿನಲ್ಲಿ ಎಲ್ಲರೂ ಅಕ್ಕಿ ಬಂತು, ಅಕ್ಕಿ ಬಂತು ಎನ್ನುತ್ತಾರೆ. ಅದು ನಿಮ್ಮ ಮಾತೆಂದು ಅವರಿಗೆ ಗೊತ್ತಿಲ್ಲ. ಕಿವಿಯಲ್ಲಿ ಇದ್ದದ್ದೆಲ್ಲ ತಲೆಗೆ ಹೋಗಿ ಕೂತಿದೆ, ಮಾವ. ಅದನ್ನು ಯಾವ ಪರೀಕ್ಷೆಯಲ್ಲಿಯೂ ನಿಮ್ಮಿಂದ ಕಸಿಯುವ ಹಾಗಿಲ್ಲ.

ಅರ್ಜಿಯಲ್ಲಿ ನನ್ನ ಹೆಸರು, ಮೇಜಿನ ನಂಬ್ರ ಎರಡನ್ನೂ ಬರೆದಿದ್ದೇನೆ. ನೀವು ಹೇಳಿದ ಒಂದು ಮಾತನ್ನೂ ಬಿಟ್ಟಿಲ್ಲ, ಕೆಲವು ಬೈಗುಳಗಳನ್ನು ಮಾತ್ರ ಇಂಗ್ಲಿಷಿಗೆ ತರಲು ಆಗಲಿಲ್ಲ. ಹತ್ತನೇ ತಾರೀಕಿಗೆ ಯಾವುದಕ್ಕೆ ಸಹಿ ಹಾಕಬೇಕೆಂದು ನೀವೇ ತೀರ್ಮಾನ ಮಾಡಿ. ನನ್ನನ್ನು ಕೇಳಿದರೆ, ಒಪ್ಪುತ್ತೇನೆ ಎಂದು ಹಾಕಿ, ನರ್ಸಿಗೆ ಬೆನ್ನು ತಿರುಗಿಸಿ ಕೂತು ಕಿವಿಯ ಪರೀಕ್ಷೆ ಮಾಡಿಸಿಕೊಂಡು, ಆ ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತುಕೊಳ್ಳಿ. ರಿಟೈರ್ ಆಗುವವರೆಗೆ ಇನ್ನು ಮೂರು ವರ್ಷ ಅಲ್ಲಿಂದ ನನಗೇ ಪ್ರಶ್ನೆ ಕಳಿಸಿ, ಬೈದು, ತಿದ್ದಿ. ನನಗೆ ಅದೇ ಬೇಕಾಗಿರುವುದು.

ಅಮ್ಮನಿಗೆ ಇವತ್ತು ಬೆಳಿಗ್ಗೆ ಎಲ್ಲ ಹೇಳಿದೆ. ಕೇಳಿ ಒಂದೇ ಮಾತು ಹೇಳಿದರು. "ಅಣ್ಣನಿಗೆ ಕುಕ್ಕರು ಕೇಳಿಸುವುದಿಲ್ಲ ಅಂತ ನನಗೆ ಎರಡು ವರ್ಷದಿಂದ ಗೊತ್ತುಂಟು. ಹೇಳುವುದು ಹೇಗೆ ಮಗಾ?" ಹೇಳದೆ ಇರುವುದು ನಮ್ಮ ಮನೆಯಲ್ಲಿ ಮರ್ಯಾದೆ ಎನಿಸಿಕೊಂಡಿದೆ. ಆ ಮರ್ಯಾದೆ ನಿಮಗೆ ಬೇಡ ಎಂದು ನಾನು ವರದಿ ಬರೆದೆ.

ಮೊಣಕಾಲಿಗೆ ತೈಲ ಕಳಿಸಿದ್ದೇನೆ, ಹಪ್ಪಳದ ಕಟ್ಟಿನ ಅಡಿಯಲ್ಲಿದೆ. ದಿನಾ ಹಚ್ಚಿ.

ನಿಮ್ಮ ಸಿಟ್ಟಿಗೂ ಪ್ರೀತಿಗೂ ಸಮಾನ ಹಕ್ಕುದಾರಳಾದ,
ಸುರಕ್ಷಾ

ಮತ್ತೆ ಬರೆದದ್ದು: ಇದನ್ನು ಸೋಮವಾರ ಮಧ್ಯಾಹ್ನ ಬಂಟ್ವಾಳದಲ್ಲಿ ಬರೆಯುತ್ತಿದ್ದೇನೆ, ನಾಸಿರ್‌ನ ಮನೆಯ ಜಗಲಿಯಲ್ಲಿ ಕೂತು. ಅಂಟಿಸಿದ ಲಕೋಟೆಯನ್ನು ನಾನೇ ಹರಿದು ತೆಗೆದೆ.

ಮೇಲಿನ ಕಾಗದದಲ್ಲಿ ಕೆಲವು ದಿನ ನೋಡಿದೆ ಎಂದು ಬರೆದಿದ್ದೇನಲ್ಲ, ಅದು ಒಂಬತ್ತು ದಿನ. ಗೆರೆ ಹಳದಿ ದಾಟಿದ್ದು ಜನವರಿ ಮೂರಕ್ಕೆ. ಯಂತ್ರದ ಮಾತಿಗೂ ಮನುಷ್ಯನ ಮಾತಿಗೂ ತಾಳೆಯಾಗದಿದ್ದರೆ ಒಂದು ದಿನದೊಳಗೆ ವರದಿ ಮಾಡಬೇಕೆಂದು ನಿಯಮ. ನಾನು ಬರೆದದ್ದು ಹನ್ನೆರಡಕ್ಕೆ. ಸೆನ್ಸರಿನ ಮೇಲೆ ಸಂಶಯವಿತ್ತು ಎಂದದ್ದೂ ಸುಳ್ಳು. ಮೊದಲ ದಿನವೇ ನನಗೆ ಗೊತ್ತಿತ್ತು, ನಿಮ್ಮ ಕಿವಿಯ ಸಂಗತಿ ಅಕ್ಟೋಬರಿನಲ್ಲೇ ಗೊತ್ತಿತ್ತು. ನಿಮ್ಮ ಹೆಸರು ಬರೆಯಲು ಕೈ ಬರಲಿಲ್ಲ. ಎರಡು ತಾರೀಕುಗಳೂ ಕಂಪ್ಯೂಟರಿನಲ್ಲಿವೆ. ಇದುವರೆಗೆ ಯಾರೂ ಅವನ್ನು ಅಕ್ಕಪಕ್ಕ ಇಟ್ಟು ನೋಡಿಲ್ಲ.

ಆದಿತ್ಯವಾರ ನಾನು ಬರೆದ ಅರ್ಜಿ ಚೆಂದವಿತ್ತು, ಆದರೆ ಅದರಿಂದ ನೀವು ಗೆಲ್ಲುತ್ತಿರಲಿಲ್ಲ. ಬೇಕೆಂದೇ ಹಾಗೆ ಬರೆದಿದ್ದೆ. ಅದನ್ನು ಹರಿದಿದ್ದೇನೆ. ಬಿ.ಸಿ. ರೋಡಿನ ಝೆರಾಕ್ಸ್ ಅಂಗಡಿಗೆ ಹೋಗಿ ಹೊಸದು ಪ್ರಿಂಟ್ ಮಾಡಿಸಿ ತಂದೆ, ಈ ಒಂಬತ್ತು ದಿನವನ್ನೂ, ನೀವು ನನ್ನ ಮಾವ ಎಂಬುದನ್ನು ಮುಚ್ಚಿಟ್ಟದ್ದನ್ನೂ ಸೇರಿಸಿ. ಇದಕ್ಕೆ ನೀವು ಸಹಿ ಹಾಕಿದರೆ ನನ್ನ ಕೆಲಸ ಖಂಡಿತ ಹೋಗುತ್ತದೆ. ಹಾಕದಿದ್ದರೂ ನಾಳೆ ಬೆಳಿಗ್ಗೆ ಪಾರ್ಶ್ವನಾಥ ಸರ್ ಮುಂದೆ ನಿಂತು ಇದನ್ನೇ ಹೇಳುವವಳಿದ್ದೇನೆ. ನಿಮ್ಮ ಸಹಿಗೆ ಕಾಯುವುದಿಲ್ಲ.

ಆದಿತ್ಯವಾರ ಇಲ್ಲದ ಬುದ್ಧಿ ಸೋಮವಾರ ಎಲ್ಲಿಂದ ಬಂತು ಎಂದು ಕೇಳಿದರೆ, ನಾಸಿರ್‌ನ ಅಮ್ಮ ಜೈನಬಮ್ಮನಿಂದ. ಊಟಕ್ಕೆ ಹಾಕಿ, ಪಕ್ಕದಲ್ಲಿ ಕೂತು ನನ್ನ ತಲೆ ಸವರಿದರು. "ಶಂಭಣ್ಣ ಅಲ್ಲಿ ಇದ್ದಾರಲ್ಲ, ಹಾಗಾಗಿ ನನಗೆ ಹೆದರಿಕೆ ಇಲ್ಲ ಮಗಳೇ" ಎಂದರು. ನಾಸಿರ್ ನಗುತ್ತಾ ಜನವರಿಯ ಚಳಿಗಾಳಿಯ ಸುದ್ದಿ ತೆಗೆದ. ಗಾಳಿ ತಪ್ಪಿಸಿಕೊಳ್ಳಲು, ಪಂಪು ನಿಲ್ಲಿಸುವ ದಿನದವರೆಗೂ, ಕೆಲಸದ ನಡುವೆ ದಿನಾ ಹತ್ತು ನಿಮಿಷ ಐದಾರು ಮಂದಿ ಮೂರನೇ ಪಂಪಿನ ಹಿಂದೆ ಕೂರುತ್ತಿದ್ದರಂತೆ. ಅಲ್ಲಿ ಯಾವಾಗಲೂ ಸ್ವಲ್ಪ ಬೆಚ್ಚಗಂತೆ, ಈ ವರ್ಷ ಇನ್ನೂ ಹೆಚ್ಚು ಬೆಚ್ಚಗಿತ್ತಂತೆ. ಯಾರ್ಯಾರು ಎಂದು ನಾನು ಕೇಳಿದೆ. ಅವನು ಬೆರಳು ಮಡಚುತ್ತ ಒಬ್ಬೊಬ್ಬರ ಹೆಸರು ಹೇಳಿದ. ಪಂಪಿಗೆ ಬೆನ್ನು ಒರಗಿಸಿ ಕೂರುತ್ತಿದ್ದವರು ನೀವಂತೆ, ಮಾವ.